ಬೀದಿ ಕಸಕ್ಕೆ ಯಾವ ದಾರಿ: ಮಡಕೆಯೋ, ತೊಟ್ಟಿಯೋ, ಯಂತ್ರವೋ, ಶ್ರಮದಾನವೋ?

ಕಸದ ವಿಚಾರಕ್ಕೆ ಏನಾದರೂ ಮಾಡೋಣ ಅಂತ ನಾಲ್ಕು ಮನೆಯವರು ಸೇರಿದರೆ ಐದು ಸಲಹೆ ಬರುತ್ತವೆ. ಒಬ್ಬರು ಗೊಬ್ಬರದ ಮಡಕೆ ತರಿಸೋಣ ಎನ್ನುತ್ತಾರೆ. ಇನ್ನೊಬ್ಬರು ಯಂತ್ರದ ಬ್ರೋಷರ್ ಹಿಡಿದು ಬರುತ್ತಾರೆ. ಹುಡುಗರಿಗೆ ಭಾನುವಾರ ಪೊರಕೆ ಹಿಡಿದು ಬೀದಿಗಿಳಿಯುವ ಆಸೆ. ಹಿರಿಯರೊಬ್ಬರು ‘ಕ್ಯಾಮೆರಾ ಹಾಕ್ಸಿ, ದಂಡ ಹಾಕ್ಸಿ, ತಾನಾಗೇ ಸರಿಹೋಗುತ್ತೆ’ ಎಂದು ಎದ್ದು ಹೋಗುತ್ತಾರೆ. ಇದರಲ್ಲಿ ಯಾವುದೂ ತಪ್ಪು ದಾರಿಯಲ್ಲ. ಆದರೆ ಒಂದು ಬೀದಿಗೆ ಒಗ್ಗಿದ್ದು ಪಕ್ಕದ ಬೀದಿಗೆ ಒಗ್ಗುವುದಿಲ್ಲ.

ಬೆಂಗಳೂರಿನ ಬೀದಿ, ಲೇಔಟ್, ಸಣ್ಣ ಅಪಾರ್ಟ್‌ಮೆಂಟ್‌ಗಳನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆದಿದ್ದೇನೆ. ಮೈಸೂರು, ಹುಬ್ಬಳ್ಳಿ, ಶಿವಮೊಗ್ಗದವರಿಗೂ ಬಹುಪಾಲು ಹೊಂದುತ್ತದೆ. ಬೆಲೆ ನೋಡುವ ಮೊದಲು ನಾನು ಕೇಳುವ ಪ್ರಶ್ನೆ ಒಂದೇ: ಮೂರನೇ ತಿಂಗಳಲ್ಲಿ ಇದಕ್ಕೆ ದಿನಾ ಕೈ ಹಾಕುವವರು ಯಾರು? ಉತ್ತರವಾಗಿ ಒಬ್ಬರ ಹೆಸರು ಬರಬೇಕು. ‘ನಾವೆಲ್ಲ ಸೇರಿ ಮಾಡ್ತೀವಿ’ ಅಂದರೆ ಆ ದಾರಿಯನ್ನು ಸದ್ಯಕ್ಕೆ ಬದಿಗಿಡಿ.

ಗಾಡಿಗೆ ಕೊಟ್ಟರೆ ಸಾಲದಾ?

ಎಷ್ಟೋ ಬೀದಿಗಳಿಗೆ ಸಾಕು. ಇದನ್ನು ಹೇಳಲು ಸಂಕೋಚ ಬೇಡ. ಎರಡು ಡಬ್ಬ, ಒಂದು ಚೀಲದ ಲೆಕ್ಕ ಬೆಂಗಳೂರಿಗೆ ಹೊಸದಲ್ಲ. 2015ರ ಡಿಸೆಂಬರ್‌ನಲ್ಲಿ ಹೈಕೋರ್ಟೇ ಅದನ್ನು ಹೇಳಿದೆ. ಹಸಿರು ಡಬ್ಬಕ್ಕೆ ಹಸಿ ಕಸ, ಕೆಂಪು ಡಬ್ಬಕ್ಕೆ ಪ್ಯಾಡ್, ಡಯಾಪರ್‌ನಂಥವು, ಚೀಲಕ್ಕೆ ಒಣ ಕಸ. ಇಷ್ಟನ್ನು ಬೇರೆ ಮಾಡಿ, ಬೆಳಿಗ್ಗೆ ಆಟೋ ಟಿಪ್ಪರ್ ಬಂದಾಗ ಕೈಗೆ ಕೊಟ್ಟರೆ ನಿಮ್ಮ ಪಾಲಿನ ಮುಕ್ಕಾಲು ಕೆಲಸ ಮುಗಿದ ಹಾಗೆ. 2025ರ ಏಪ್ರಿಲ್‌ನಿಂದ ಕಸದ ಶುಲ್ಕವೂ ಆಸ್ತಿ ತೆರಿಗೆಯ ಜೊತೆಗೇ ಸೇರಿ ಬರುತ್ತಿದೆ. ಅಂದರೆ ಈ ಸೇವೆಗೆ ನೀವು ಆಗಲೇ ದುಡ್ಡು ಕಟ್ಟಿದ್ದೀರಿ.

ಬೇರೆ ಮಾಡದೆ ಒಟ್ಟಿಗೆ ಕೊಟ್ಟರೆ ಮಾತ್ರ ಅದು ಯಾರದ್ದೋ ಊರ ಬಾಗಿಲಿಗೆ ಹೋಗಿ ಬೀಳುತ್ತದೆ. ಬೆಂಗಳೂರಿನ ಕಸ ಮೊದಲು ಮಾವಳ್ಳಿಪುರಕ್ಕೆ ಹೋಗುತ್ತಿತ್ತು. 2012ರಲ್ಲಿ ಆ ಊರಿನವರು ಸಾಕು ಎಂದರು. ಮಂಡೂರಿನವರು 2014ರಲ್ಲಿ ದಾರಿಗೆ ಅಡ್ಡ ನಿಂತರು, ಆ ವರ್ಷದ ಕೊನೆಗೆ ಅಲ್ಲಿಯೂ ನಿಂತಿತು. ಮಂಗಳೂರಿನಲ್ಲಿ 2019ರ ಆಗಸ್ಟ್ ಮಳೆಗೆ ಪಚ್ಚನಾಡಿಯ ಕಸದ ಗುಡ್ಡ ಜರಿದು ಮಂದಾರದ ಮನೆ, ಅಡಿಕೆ ತೋಟಗಳ ಮೇಲೆ ಹರಿಯಿತು. ಕೊಳೆಯುವ ಕಸ ಪ್ಲಾಸ್ಟಿಕ್ ಜೊತೆ ಕಲೆತು ರಾಶಿ ಬಿದ್ದರೆ ಹೀಗೇ ಆಗುವುದು. ಅದಕ್ಕೇ ಯಾವ ದಾರಿ ಹಿಡಿದರೂ ಹಸಿ ಕಸಕ್ಕೆ ಬೇರೆ ಡಬ್ಬ ಇರಲೇಬೇಕು. ಮುಂದಿನದೆಲ್ಲ ಆಮೇಲೆ.

ಈ ದಾರಿಯಲ್ಲಿ ತೊಡಕಿರುವುದು ಹೊತ್ತಿನದು. ಗಾಡಿ ಒಂಬತ್ತಕ್ಕೆ ಬರುತ್ತದೆ, ಕೆಲಸಕ್ಕೆ ಹೋಗುವವರು ಎಂಟಕ್ಕೇ ಮನೆ ಬಿಟ್ಟಿರುತ್ತಾರೆ. ಪಿಜಿಯ ಹುಡುಗರು, ಬಾಡಿಗೆ ಮನೆಯಲ್ಲಿ ಒಬ್ಬರೇ ಇರುವವರು, ತಳ್ಳುಗಾಡಿಯವರು ಎಲ್ಲರದ್ದೂ ಇದೇ ಪಾಡು. ಇವರ ಕವರ್‌ಗಳೇ ಟ್ರಾನ್ಸ್‌ಫಾರ್ಮರ್ ಮೂಲೆಗೆ ಹೋಗಿ ಬೀಳುವುದು. ಇದಕ್ಕೆ ಮಡಕೆ, ಯಂತ್ರ ಯಾವುದೂ ಬೇಕಿಲ್ಲ. ಬೀದಿಯ ಒಂದು ಅಂಗಡಿಯವರೋ ಮನೆಯವರೋ ಗೇಟಿನ ಒಳಗೆ ಎರಡು ಮುಚ್ಚಳದ ಡ್ರಮ್ ಇಡಲು ಒಪ್ಪಿದರೆ ಸಾಕು. ಎಂಟು ಗಂಟೆಯವರು ಅಲ್ಲಿ ಹಾಕಿ ಹೋಗುತ್ತಾರೆ, ಗಾಡಿ ಬಂದಾಗ ಡ್ರಮ್ ಇಟ್ಟವರು ಕೊಡುತ್ತಾರೆ. ಅವರಿಗೆ ತಿಂಗಳಿಗೆ ಒಂದಿಷ್ಟು ದುಡ್ಡು ಕೊಡಿ, ಪುಕ್ಕಟೆ ಮಾಡಿಸಬೇಡಿ.

ಹಸಿ ಕಸ: ಮಡಕೆಗೂ ತೊಟ್ಟಿಗೂ ಇರುವ ಅಂತರ

ನಾಲ್ಕು ಜನರ ಮನೆಯಲ್ಲಿ ದಿನಕ್ಕೆ ಅರ್ಧ ಕೆಜಿಯಿಂದ ಒಂದು ಕೆಜಿವರೆಗೆ ಹಸಿ ಕಸ ಆಗುತ್ತದೆ. ಮನೆಯ ಕಸದಲ್ಲಿ ಅರ್ಧಕ್ಕಿಂತ ಜಾಸ್ತಿ ಇದೇ. ಇದನ್ನು ಮನೆಯಲ್ಲೇ ಗೊಬ್ಬರ ಮಾಡಲು ಒಂದರ ಮೇಲೊಂದು ಕೂರುವ ಮೂರು ಮಣ್ಣಿನ ಮಡಕೆಗಳ ‘ಕಂಬ’ ಸಿಗುತ್ತದೆ. ಮೇಲಿನದು ತುಂಬಿದರೆ ಕೆಳಗಿಳಿಸಿ, ಖಾಲಿಯಾದದ್ದನ್ನು ಮೇಲಿಡುವುದು. ತೂತು ಕೊರೆದ ಹಳೇ ಪೇಂಟ್ ಡಬ್ಬವೂ ಇದೇ ಕೆಲಸ ಮಾಡುತ್ತದೆ. ನೋಡಲು ಚೆಂದ ಇರುವುದಿಲ್ಲ, ಅಷ್ಟೆ. ಗೊಬ್ಬರ ಆಗಲು ಒಂದೂವರೆ ಎರಡು ತಿಂಗಳು ಹಿಡಿಯುತ್ತದೆ.

ಮಡಕೆಯ ಅನುಕೂಲ ಏನೆಂದರೆ ಯಾರನ್ನೂ ಒಪ್ಪಿಸಬೇಕಿಲ್ಲ. ಅನಾನುಕೂಲವೂ ಅದೇ, ನಿಮ್ಮ ಮನೆಯಲ್ಲಿ ಮಾಡಿದರೆ ಬೀದಿ ಬದಲಾಗುವುದಿಲ್ಲ. ಊರಿಗೆ ಹೋದಾಗ ಏನು ಮಾಡೋದು ಅಂತ ಎಲ್ಲರೂ ಕೇಳುತ್ತಾರೆ. ಏನೂ ಮಾಡಬೇಕಿಲ್ಲ, ಮೇಲೆ ಎರಡು ಹಿಡಿ ತೆಂಗಿನ ನಾರಿನ ಪುಡಿ ಹಾಕಿ ಮುಚ್ಚಿ ಹೋಗಿ.

ಬೀದಿಗೆ ಸೇರಿ ಮಾಡುವುದಾದರೆ ಇಟ್ಟಿಗೆ ತೊಟ್ಟಿ. ಮೂರಡಿ ಉದ್ದ, ಮೂರಡಿ ಅಗಲ, ಮೂರಡಿ ಎತ್ತರ. ಗಾಳಿ ಆಡಲು ಇಟ್ಟಿಗೆಗಳ ನಡುವೆ ಸಂದು ಬಿಟ್ಟು ಕಟ್ಟಬೇಕು. ಒಂದೇ ತೊಟ್ಟಿ ಯಾವತ್ತೂ ಸಾಲದು. ಒಂದು ತುಂಬುವಾಗ ಇನ್ನೊಂದು ಮಾಗಬೇಕು, ಹಾಗಾಗಿ ಕನಿಷ್ಠ ಎರಡು, ಜಾಗ ಇದ್ದರೆ ಮೂರು. ಮೇಲೆ ತಗಡಿನ ಸೂರು, ಬದಿಗೆ ಇಲಿ ನುಗ್ಗದ ಜಾಲರಿ. ಇದಕ್ಕೆ ಕರೆಂಟ್ ಬೇಡ, ಕೆಟ್ಟರೆ ರಿಪೇರಿಗೆ ಮುಂಬೈಯಿಂದ ಯಾರೂ ಬರಬೇಕಿಲ್ಲ.

ತೊಟ್ಟಿ ನಿಲ್ಲುವುದು ಒಣ ಎಲೆಯ ಮೇಲೆ. ಒಂದು ಬಕೆಟ್ ಹಸಿ ಕಸಕ್ಕೆ ಒಂದರಿಂದ ಎರಡು ಬಕೆಟ್ ಒಣ ಎಲೆ ಬೇಕು. ಹಸಿ ಕಸದಲ್ಲಿ ಸಾರಜನಕ ಜಾಸ್ತಿ, ಎಲೆಯಲ್ಲಿ ಇಂಗಾಲ ಜಾಸ್ತಿ. ಎರಡೂ ಹದವಾಗಿ ಸೇರಿದರೆ ಒಳಗೆ 55-60 ಡಿಗ್ರಿವರೆಗೂ ಬಿಸಿ ಏರುತ್ತದೆ, ವಾಸನೆ ಬರುವುದಿಲ್ಲ. ಎಲೆ ಕಡಿಮೆ ಆಯಿತೋ, ಎರಡೇ ದಿನಕ್ಕೆ ಮೊದಲ ದೂರು ಬರುತ್ತದೆ. ಬೆಂಗಳೂರಿನಲ್ಲಿ ಎಲೆ ಉದುರುವ ಕಾಲ ಹೆಚ್ಚಾಗಿ ಜನವರಿಯಿಂದ ಮಾರ್ಚ್. ಹೊಂಗೆ, ಮಳೆಮರ ಎಲ್ಲ ಆಗ ಬರಿದಾಗುತ್ತವೆ. ಎಲೆ ಬೇಕಾಗುವುದು ಮಾತ್ರ ಜೂನ್ ನಂತರದ ಮಳೆಗಾಲದಲ್ಲಿ. ಹಾಗಾಗಿ ತೊಟ್ಟಿ ಕಟ್ಟುವ ಮೊದಲೇ ಎಲೆ ತುಂಬಿದ ಗೋಣಿಚೀಲಗಳಿಗೆ ಒಣ ಜಾಗ ನೋಡಿಕೊಳ್ಳಿ. ಬೀದಿ ಗುಡಿಸುವವರು ಎಲೆಗೆ ಬೆಂಕಿ ಹಾಕುವುದನ್ನು ನಿಲ್ಲಿಸಬೇಕೆಂದರೂ ಇದಕ್ಕಿಂತ ಸುಲಭದ ದಾರಿ ಇಲ್ಲ. ಅವರಿಗೆ ಗೋಣಿಚೀಲ ಕೊಟ್ಟುಬಿಡಿ.

ಹದ ನೋಡುವುದು ಕೈಯಲ್ಲೇ. ತೊಟ್ಟಿಯ ಮಧ್ಯದಿಂದ ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಂಡಿ. ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಿದರೆ ಒದ್ದೆ ಜಾಸ್ತಿಯಾಗಿದೆ, ಎಲೆ ಹಾಕಿ ಕೆದಕಿ. ಮುಷ್ಟಿ ಬಿಚ್ಚಿದ ಕೂಡಲೇ ಪುಡಿಪುಡಿಯಾಗಿ ಉದುರಿದರೆ, ಜೊತೆಗೆ ಇರುವೆಯೂ ಬಂದಿದ್ದರೆ, ಒಣಗಿದೆ. ಒಂದು ಚೊಂಬು ನೀರಿಗೆ ಹುಳಿ ಮಜ್ಜಿಗೆ ಬೆರೆಸಿ ಚಿಮುಕಿಸಿ. ಉಂಡೆ ನಿಂತು, ಅಂಗೈ ಒದ್ದೆಯಾಗಿ, ನೀರು ಮಾತ್ರ ಇಳಿಯದಿದ್ದರೆ ಸರಿ ಇದೆ ಅಂತ ಲೆಕ್ಕ. ಬೂದು ಬಣ್ಣದ ದಪ್ಪ ಹುಳುಗಳು ಕಂಡರೆ ಗಾಬರಿ ಬೀಳಬೇಡಿ. ಅವು ಹೆಚ್ಚಾಗಿ ಕಪ್ಪು ಸೈನಿಕ ನೊಣದ ಮರಿಗಳು, ಕಚ್ಚುವುದಿಲ್ಲ, ನಮಗಿಂತ ಬೇಗ ಕಸ ಮುಗಿಸುತ್ತವೆ. ನೋಡಿ ಅಸಹ್ಯ ಪಡುವವರಿಗೆ ಇದನ್ನು ಎಷ್ಟು ಹೇಳಿದರೂ ಸಮಾಧಾನ ಆಗುವುದಿಲ್ಲ ಎಂಬುದೂ ನಿಜವೇ. ಮೇಲೆ ಎಲೆ ಮುಚ್ಚಿಡಿ, ಕಾಣಿಸದಿದ್ದರೆ ಜಗಳವಿಲ್ಲ.

ಎಳನೀರು ಬುರುಡೆ, ತೆಂಗಿನ ಚಿಪ್ಪು, ಮಾವಿನ ಓಟೆ, ಮೂಳೆ ಇವು ತೊಟ್ಟಿಗೆ ಬೇಡ. ಸಾರು, ಹುಳಿ ಉಳಿದರೆ ಸೋಸಿ ಗಟ್ಟಿಯನ್ನಷ್ಟೇ ಹಾಕಿ. ಈರುಳ್ಳಿ ಸಿಪ್ಪೆ, ಟೀ ಪುಡಿ, ನಿಂಬೆ ಸಿಪ್ಪೆ ಎಲ್ಲ ಆಗುತ್ತದೆ. ಬ್ಲೇಡು, ಹಾಲಿನ ಕವರ್‌ನಿಂದ ಕತ್ತರಿಸಿದ ತುದಿ, ಹಣ್ಣಿನ ಮೇಲಿನ ಸ್ಟಿಕರ್ ಇವುಗಳ ಮೇಲೆ ಕಣ್ಣಿರಲಿ. ಆ ಕವರ್ ತುದಿ ಗೊಬ್ಬರ ಜರಡಿ ಹಿಡಿಯುವಾಗಲೂ ಕೈಗೆ ಸಿಗುತ್ತಲೇ ಇರುತ್ತದೆ. ತುದಿ ಪೂರ್ತಿ ಕತ್ತರಿಸದೆ ಕವರಿಗೇ ಅಂಟಿಕೊಂಡಿರುವ ಹಾಗೆ ಸೀಳಿದರೆ ಮುಗಿಯಿತು.

ಮಡಕೆಯೋ ತೊಟ್ಟಿಯೋ ಅಂತ ನಿರ್ಧಾರ ಆಗದಿದ್ದರೆ ಎಚ್‌ಎಸ್‌ಆರ್ ಲೇಔಟ್‌ನ ಸ್ವಚ್ಛಾಗ್ರಹ ಕಲಿಕಾ ಕೇಂದ್ರಕ್ಕೆ ಒಮ್ಮೆ ಹೋಗಿ ಬನ್ನಿ. ಒಂದೇ ಪಾರ್ಕಿನಲ್ಲಿ ಬಗೆಬಗೆಯ ಗೊಬ್ಬರದ ಸಾಮಾನು ಸಾಲಾಗಿ ಇಟ್ಟಿದ್ದಾರೆ. ಬ್ರೋಷರ್ ಓದುವುದಕ್ಕಿಂತ ಮುಚ್ಚಳ ತೆಗೆದು ಮೂಗಿಟ್ಟು ನೋಡುವುದು ಮೇಲು.

ಯಂತ್ರ ಯಾರಿಗೆ?

ಐವತ್ತು ಮನೆಗಿಂತ ಕೆಳಗೆ ಇರುವವರು ಯಂತ್ರದ ಕಡೆ ತಲೆ ಹಾಕಬೇಡಿ ಎಂಬುದು ನನ್ನ ಅಭಿಪ್ರಾಯ. 2016ರ ಘನತ್ಯಾಜ್ಯ ನಿಯಮ ದಿನಕ್ಕೆ ಸರಾಸರಿ 100 ಕೆಜಿ ಮೀರಿದವರನ್ನು ದೊಡ್ಡ ಪ್ರಮಾಣದ ಉತ್ಪಾದಕರು ಎಂದು ಕರೆದು, ಹಸಿ ಕಸವನ್ನು ಸಾಧ್ಯವಾದಷ್ಟೂ ತಮ್ಮ ಆವರಣದಲ್ಲೇ ಕರಗಿಸಿ ಎಂದಿತು. ಯಂತ್ರದ ವ್ಯಾಪಾರ ಚುರುಕಾದದ್ದಕ್ಕೆ ಇದೂ ಒಂದು ಕಾರಣ.

ಯಂತ್ರದಲ್ಲೂ ಎರಡು ಜಾತಿ. ಒಂದು, ಓಡಬ್ಲ್ಯೂಸಿ (ಆರ್ಗ್ಯಾನಿಕ್ ವೇಸ್ಟ್ ಕನ್ವರ್ಟರ್) ಅಂತ ಕರೆಯುವುದು. ಹಸಿ ಕಸಕ್ಕೆ ಮರದ ಹೊಟ್ಟು, ಸೂಕ್ಷ್ಮಜೀವಿಯ ಪುಡಿ ಸೇರಿಸಿ ಸ್ವಲ್ಪ ಹೊತ್ತು ಕಡಿದು ಕಲಸಿ ಕೊಡುತ್ತದೆ. ಆಮೇಲೆ ಅದನ್ನು ಟ್ರೇಗಳಲ್ಲಿ ಹತ್ತು ಹದಿನೈದು ದಿನ ಇಟ್ಟು ನೀರು ಚಿಮುಕಿಸಿ ಮಾಗಿಸಬೇಕು. ಅಂದರೆ ನಿಜವಾದ ಕೆಲಸ ನಡೆಯುವುದು ಟ್ರೇಯಲ್ಲಿ, ಯಂತ್ರ ಬರೀ ಕಲಸುತ್ತದೆ. ಒಬ್ಬ ಕೆಲಸಗಾರ ಪ್ರತಿದಿನ ಇರುವ ಕಡೆ ಇದು ಚೆನ್ನಾಗಿಯೇ ನಡೆಯುತ್ತದೆ.

ಇನ್ನೊಂದು ‘24 ಗಂಟೆಯಲ್ಲಿ ಗೊಬ್ಬರ’ ಎಂದು ಮಾರುವಂಥದ್ದು. ಇದು ಹೀಟರ್‌ನಿಂದ ಕಸವನ್ನು ಒಣಗಿಸಿ ಪುಡಿ ಮಾಡುತ್ತದೆ. ಕೈಗೆ ಕಂದು ಪುಡಿ ಬರುತ್ತದೆ, ನೋಡಲು ಗೊಬ್ಬರದ ಹಾಗೇ ಇರುತ್ತದೆ. ಆದರೆ ಮಾಗಿರುವುದಿಲ್ಲ. ಪುಡಿಗೆ ನೀರು ಹಾಕಿ ಎರಡು ದಿನ ಮುಚ್ಚಿಡಿ, ವಾಸನೆಯೇ ಹೇಳುತ್ತದೆ. ಅದನ್ನು ಹಾಗೇ ಗಿಡದ ಬುಡಕ್ಕೆ ಹಾಕಿದರೆ ಅಲ್ಲಿ ಮತ್ತೆ ಕೊಳೆಯಲು ಶುರುವಾಗಿ ಬೇರಿಗೆ ತೊಂದರೆ. ಮಾರುವವರು ಡೆಮೊಗೆ ಬಂದಾಗ ಎರಡೇ ಪ್ರಶ್ನೆ ಕೇಳಿ: ತಿಂಗಳಿಗೆ ಕರೆಂಟ್ ಎಷ್ಟು ಯೂನಿಟ್, ಪುಡಿಯನ್ನು ಆಮೇಲೆ ಎಷ್ಟು ದಿನ ಮಾಗಿಸಬೇಕು? ಎರಡನೆಯದಕ್ಕೆ ‘ಏನೂ ಬೇಡ ಸರ್’ ಅಂದರೆ ಕಾಫಿ ಕೊಟ್ಟು ಕಳಿಸಿ.

ಗೋಬರ್ ಗ್ಯಾಸ್‌ನ ತಮ್ಮನಂತಿರುವ ಬಯೋಗ್ಯಾಸ್ ಘಟಕ ಹೋಟೆಲ್, ಹಾಸ್ಟೆಲ್, ಕಲ್ಯಾಣ ಮಂಟಪಗಳಿಗೆ ಹೇಳಿ ಮಾಡಿಸಿದ್ದು. ನೂರು ಕೆಜಿ ಅಡುಗೆ ಕಸದಿಂದ ಸುಮಾರು ನಾಲ್ಕು ಕೆಜಿ ಎಲ್‌ಪಿಜಿಗೆ ಸಮನಾದ ಗ್ಯಾಸ್ ಸಿಗಬಹುದು. ಗ್ಯಾಸ್ ಹುಟ್ಟುವ ಕಡೆಯೇ ಒಲೆ ಇರಬೇಕು. ಅಪಾರ್ಟ್‌ಮೆಂಟ್‌ನಲ್ಲಿ ಆ ಗ್ಯಾಸನ್ನು ಯಾರ ಮನೆಗೆ ಕೊಡುತ್ತೀರಿ? ಜೊತೆಗೆ ನಿಂಬೆ ಸಿಪ್ಪೆ ಜಾಸ್ತಿಯಾದರೆ ಒಳಗಿನ ಜೀವಿಗಳಿಗೆ ಹುಳಿ ಹತ್ತುತ್ತದೆ, ಗ್ಯಾಸ್ ಕಡಿಮೆಯಾಗುತ್ತದೆ. ಮನೆಗಳ ಕಸದಲ್ಲಿ ಇದನ್ನೆಲ್ಲ ಹಿಡಿತದಲ್ಲಿಡುವುದು ಕಷ್ಟ.

ಒಣ ಕಸ: ಗುಜರಿ, ಕೇಂದ್ರ, ಕಂಪನಿ

ಗುಜರಿಯವರು ದುಡ್ಡು ಕೊಡುತ್ತಾರೆ, ಆದರೆ ಬೇಕಾದ್ದನ್ನಷ್ಟೇ ಆರಿಸುತ್ತಾರೆ. ಪೇಪರ್, ರಟ್ಟು, ಕಬ್ಬಿಣ, ನೀರಿನ ಬಾಟಲಿ. ಚಿಪ್ಸ್ ಪ್ಯಾಕೆಟ್, ಶಾಂಪೂ ಸ್ಯಾಶೆ, ಥರ್ಮೋಕೋಲ್ ಅವರಿಗೆ ಬೇಡ. ವಾರ್ಡಿನ ಒಣ ಕಸ ಸಂಗ್ರಹ ಕೇಂದ್ರಕ್ಕೆ ಕೊಟ್ಟರೆ ಇವೂ ಹೋಗುತ್ತವೆ. ಬೆಲೆ ಇಲ್ಲದ ಪ್ಲಾಸ್ಟಿಕ್ಕನ್ನು ಅಲ್ಲಿಂದ ಸಿಮೆಂಟ್ ಕಾರ್ಖಾನೆಗಳ ಕುಲುಮೆಗೆ ಕಳಿಸುವ ವ್ಯವಸ್ಥೆ ಇದೆ. ಬೆಂಗಳೂರಿನ ಇಂಥ ಎಷ್ಟೋ ಕೇಂದ್ರಗಳನ್ನು ಮೊದಲು ಬೀದಿಯಲ್ಲಿ ಚಿಂದಿ ಆಯುತ್ತಿದ್ದವರೇ ನಡೆಸುತ್ತಿದ್ದಾರೆ, ಹಸಿರು ದಳದಂಥ ಸಂಸ್ಥೆ ಅವರ ಬೆನ್ನಿಗಿದೆ. ಅಲ್ಲಿನ ಹೆಂಗಸರು ವಿಂಗಡಿಸುವುದನ್ನು ಒಮ್ಮೆ ನೋಡಬೇಕು. ಕವರನ್ನು ಓದುವುದಿಲ್ಲ, ಎರಡು ಬೆರಳಲ್ಲಿ ಎಳೆಯುತ್ತಾರೆ. ಹಿಗ್ಗಿದರೆ ಒಂದು ಗುಡ್ಡೆಗೆ, ಮುದುರಿದಾಗ ಚರಚರ ಅಂದರೆ ಇನ್ನೊಂದಕ್ಕೆ. ಆ ಕವರಿನೊಳಗೆ ಮೊಸರು ಉಳಿದಿದ್ದರೆ ಬೆರಳಿಗೆ ಅಂಟುತ್ತದೆ, ಗುಡ್ಡೆಯೂ ಕೆಡುತ್ತದೆ. ಹಾಲಿನ ಕವರ್ ತೊಳೆದು ಒಣಗಿಸಿ ಕೊಡಿ ಅನ್ನುವುದು ಇದಕ್ಕೇ.

ನನ್ನ ಆಯ್ಕೆ ಎರಡನ್ನೂ ಇಟ್ಟುಕೊಳ್ಳುವುದು ಅಲ್ಲ, ಕೇಂದ್ರ ಒಂದೇ. ಪೇಪರ್, ಬಾಟಲಿಯೆಲ್ಲ ಗುಜರಿಗೆ ಮಾರಿ, ಚಿಪ್ಸ್ ಪ್ಯಾಕೆಟ್ ಮಾತ್ರ ಕೇಂದ್ರದ ಮೇಲೆ ಹೊರಿಸಿದರೆ ಅವರು ಹೊಟ್ಟೆ ಹೊರೆಯೋದು ಹೇಗೆ? ಬೆಲೆ ಬರುವ ಮಾಲೂ ಅವರಿಗೇ ಹೋದರೆ ಬೆಲೆ ಬರದ ಮಾಲನ್ನೂ ಒಯ್ಯುತ್ತಾರೆ. ಹಳೇ ಪೇಪರಿನ ದುಡ್ಡು ಮನೆಕೆಲಸದವರಿಗೆ ಸೇರುವ ಮನೆಗಳಿವೆ, ಅದು ಬೇರೆ ಮಾತು, ಅದನ್ನು ಕಿತ್ತುಕೊಳ್ಳಬೇಡಿ.

ದುಡ್ಡು ತೆಗೆದುಕೊಂಡು ವಾರಕ್ಕೊಮ್ಮೆ ಬಂದು ಒಯ್ಯುವ ಖಾಸಗಿಯವರೂ ಇದ್ದಾರೆ. ದೊಡ್ಡ ಅಪಾರ್ಟ್‌ಮೆಂಟ್‌ಗೆ ಸರಿ. ತೂಕದ ಚೀಟಿ ಮತ್ತು ಮಾಲು ಎಲ್ಲಿಗೆ ಹೋಯಿತೆಂಬ ಲೆಕ್ಕ ಕೇಳಿ ಪಡೆಯಿರಿ. ಬಲ್ಬು, ಬ್ಯಾಟರಿ, ಹಳೇ ಚಾರ್ಜರ್ ಯಾವ ಚೀಲಕ್ಕೂ ಹಾಕದೆ ಬೇರೆ ಡಬ್ಬದಲ್ಲಿ ಕೂಡಿಡಿ.

ಕಸದ ಮೂಲೆ: ಪೊರಕೆ, ಬಣ್ಣ, ಕ್ಯಾಮೆರಾ

ಭಾನುವಾರದ ಶ್ರಮದಾನ ನನಗೆ ಇಷ್ಟ. ಜನ ಪರಿಚಯವಾಗುತ್ತಾರೆ, ಮಕ್ಕಳು ಬರುತ್ತಾರೆ, ಕೊನೆಗೆ ಇಡ್ಲಿ ಇರುತ್ತದೆ. ಆದರೆ ಮೂಲೆ ಗುಡಿಸಿ ಹೋದರೆ ಬುಧವಾರಕ್ಕೆ ಮತ್ತೆ ತುಂಬಿರುತ್ತದೆ. ಎಂಟು ಗಂಟೆಯವರ ಕವರ್ ಹೋಗುವ ಜಾಗ ಬದಲಾಗಿಲ್ಲ ಅಲ್ವಾ? ಪಾರ್ಕು, ಕೆರೆ ದಂಡೆ, ಟ್ರೆಕ್ಕಿಂಗ್ ದಾರಿಯಂಥ ಕಡೆ, ಅಂದರೆ ಕಸ ಬಂದವರಿಂದ ಬಿದ್ದದ್ದೇ ಹೊರತು ದಿನಾ ತಂದು ಸುರಿದದ್ದಲ್ಲದ ಕಡೆ, ಶ್ರಮದಾನ ಸಾಕು.

ದಿನಾ ಸುರಿಯುವ ಮೂಲೆಗೆ ಜಾಗವನ್ನೇ ಬದಲಿಸಬೇಕು. 2010ರಲ್ಲಿ ಚರ್ಚ್ ಸ್ಟ್ರೀಟ್‌ನಿಂದ ಶುರುಮಾಡಿದ ‘ದಿ ಅಗ್ಲಿ ಇಂಡಿಯನ್’ ಗುಂಪು ಹೆಸರು ಹೇಳದೆ, ಭಾಷಣ ಮಾಡದೆ ತೋರಿಸಿದ್ದು ಇದನ್ನೇ. ಕಸ ತೆಗೆದು, ಗೋಡೆಗೆ ಬಣ್ಣ ಬಳಿದು, ಫುಟ್‌ಪಾತ್ ಸರಿಮಾಡಿ, ಗಿಡದ ಕುಂಡ ಇಟ್ಟರೆ ಅಲ್ಲಿ ಕವರ್ ಎಸೆಯಲು ಕೈ ತಡೆಯುತ್ತದೆ. ಖರ್ಚು ಬಣ್ಣದ್ದು ಕಡಿಮೆ, ಮೊದಲ ಕೆಲವು ವಾರ ಬೆಳಗಿನ ಜಾವ ಅಲ್ಲಿ ನಿಲ್ಲುವವರದ್ದೇ ದೊಡ್ಡದು. ಬೆಳಕು ಹರಿಯುವ ಮೊದಲು ಸ್ಕೂಟರ್ ನಿಧಾನ ಮಾಡಿ, ಕಾಲ ಬಳಿಯಿಂದ ಕವರ್ ಎತ್ತಿ, ಆಚೀಚೆ ನೋಡಿ ಎಸೆಯುವವರಿಗೆ ಬೈಯಬೇಡಿ. ‘ಅಣ್ಣಾ, ಅಲ್ಲಿ ಅಂಗಡಿ ಹತ್ತಿರ ಡ್ರಮ್ ಇದೆ, ಅಲ್ಲಿ ಹಾಕಿ’ ಎಂದರೆ ಮುಕ್ಕಾಲು ಪಾಲು ಜನ ತಿರುಗಿಸಿಕೊಂಡು ಹೋಗುತ್ತಾರೆ. ಅದಕ್ಕೇ ಡ್ರಮ್ ಮೊದಲು, ಬಣ್ಣ ಆಮೇಲೆ.

ಕ್ಯಾಮೆರಾ, ದಂಡ ಕೊನೆಯ ಕಾಲು ಪಾಲಿಗೆ. ದಂಡ ಹಾಕುವ ಅಧಿಕಾರ ಪಾಲಿಕೆಯವರದ್ದು, ಬೀದಿಯವರದ್ದಲ್ಲ. 2025ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ ಬೀದಿಗೆ ಕಸ ಎಸೆದವರ ಮನೆ ಮುಂದೆಯೇ ಕಸ ತಂದು ಸುರಿದು, ದಂಡ ಹಾಕಿ, ಅದಕ್ಕೆ ‘ಕಸ ಸುರಿಯುವ ಹಬ್ಬ’ ಎಂದು ಹೆಸರಿಟ್ಟರು. ನೋಡಿದವರಿಗೆ ಮಜಾ ಅನ್ನಿಸಿರಬಹುದು. ನೆರೆಹೊರೆಯವರು ತಾವೇ ಇದನ್ನು ಮಾಡಲು ಹೋದರೆ ಕಸ ಉಳಿದು ಜಗಳ ಬೆಳೆಯುತ್ತದೆ. ಎಸೆದವರ ಫೋಟೋವನ್ನು ಬೀದಿಯ ವಾಟ್ಸಾಪ್ ಗುಂಪಿಗೆ ಹಾಕುವುದೂ ಬೇಡ.

ಹಳ್ಳಿಯಾದರೆ ಲೆಕ್ಕ ಬೇರೆ

ಹಿತ್ತಿಲಿರುವ ಮನೆಗೆ ಹಸಿ ಕಸ ಸಮಸ್ಯೆಯೇ ಅಲ್ಲ, ತಿಪ್ಪೆ, ದನ, ಕೋಳಿ ನೋಡಿಕೊಳ್ಳುತ್ತವೆ. ತಲೆನೋವು ಪ್ಲಾಸ್ಟಿಕ್‌ದು. ಪಂಚಾಯಿತಿ ಒಂಟಿಯಾಗಿ ಮಾಡುವುದು, ಹಲವು ಸೇರಿ ಮಾಡುವುದು, ಉಡುಪಿ ಜಿಲ್ಲೆಯಲ್ಲಿ ಎರಡೂ ಮಾದರಿ ಕಾಣಸಿಗುತ್ತವೆ. ವಂಡ್ಸೆಯ ಪಂಚಾಯಿತಿ ತನ್ನದೇ ಘಟಕ ಮಾಡಿಕೊಂಡು ಹೆಸರಾಯಿತು. ಕಾರ್ಕಳದ ನಿಟ್ಟೆಯಲ್ಲಿ ಹಲವು ಪಂಚಾಯಿತಿಗಳ ಒಣ ಕಸ ಒಟ್ಟಿಗೆ ಬರುವ, ದಿನಕ್ಕೆ 10 ಟನ್ ಸಾಮರ್ಥ್ಯದ ಘಟಕ ಇದೆ. ಸಣ್ಣ ಪಂಚಾಯಿತಿ ಒಂಟಿಯಾಗಿ ಮಾಡಿದರೆ ಮಾರುವಷ್ಟು ಮಾಲು ಸೇರುವುದೇ ನಿಧಾನ, ಲಾರಿ ತುಂಬುವವರೆಗೆ ಗೋದಾಮು ತುಂಬಿ ತುಳುಕುತ್ತದೆ. ಹಾಗಾಗಿ ಸಂಗ್ರಹ ಊರಿನಲ್ಲಿ, ವಿಂಗಡಣೆ ಮತ್ತು ಮಾರಾಟ ಒಟ್ಟಿಗೆ ಎಂಬುದೇ ನನಗೆ ಸರಿ ಕಾಣುತ್ತದೆ. ಈಗ ಎಷ್ಟೋ ಪಂಚಾಯಿತಿಗಳಲ್ಲಿ ಹೆಂಗಸರೇ ‘ಸ್ವಚ್ಛ ವಾಹಿನಿ’ ಗಾಡಿ ಓಡಿಸುತ್ತಾರೆ. ಮನೆಯೊಳಗಿನ ಹೆಂಗಸರ ಜೊತೆ ನೇರ ಮಾತು ನಡೆಯುತ್ತದೆ, ಪ್ಯಾಡನ್ನು ಪೇಪರಲ್ಲಿ ಸುತ್ತಿ ಬೇರೆ ಕೊಡಿ ಎಂದು ಹೇಳಲು ಮುಜುಗರ ಇರುವುದಿಲ್ಲ.

ಊಟದ ದಿನ

ಬೀದಿಯ ಗಣಪತಿ, ರಾಜ್ಯೋತ್ಸವ, ಅಣ್ಣಮ್ಮನ ಉತ್ಸವದ ಒಂದೇ ಮಧ್ಯಾಹ್ನ ತಿಂಗಳ ಕಸ ಹುಟ್ಟಿಸುತ್ತದೆ. 2022ರ ಜುಲೈ 1ರಿಂದ ದೇಶದಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಕ್ಕೆ ನಿಷೇಧ ಇದೆ. ಅದರ ಜಾಗಕ್ಕೆ ಬಂದ ಪೇಪರ್ ಲೋಟದ ಒಳಗೆ ತೆಳು ಪ್ಲಾಸ್ಟಿಕ್ ಪೊರೆ ಇರುತ್ತದೆ. ಅದು ಗೊಬ್ಬರವೂ ಆಗುವುದಿಲ್ಲ, ಪೇಪರಿನ ಗುಡ್ಡೆಗೂ ಸೇರುವುದಿಲ್ಲ. ಅಡಿಕೆ ಹಾಳೆ ತಟ್ಟೆ ಕರಗುತ್ತದೆ, ಆದರೆ ನಿಧಾನ, ಚೂರು ಮಾಡಿ ಹಾಕಬೇಕು. ಬಾಳೆ ಎಲೆ ಬೇಗ ಕರಗುತ್ತದೆ, ಬಡಿಸಲು ಸಾಲು, ಬೆಂಚು ಬೇಕು. ನಿಂತು ತಿನ್ನುವ ಪ್ರಸಾದಕ್ಕೆ ಮುತ್ತುಗದ ಎಲೆಯ ದೊನ್ನೆ ಒಳ್ಳೆಯದು.

ಇನ್ನೂರು ಜನರೊಳಗಿನ ಊಟಕ್ಕೆ ಸ್ಟೀಲ್ ತಟ್ಟೆ, ಲೋಟವೇ ಮೇಲು. ಬೀದಿಯವರೇ ಒಮ್ಮೆ ದುಡ್ಡು ಹಾಕಿ ತಂದಿಟ್ಟುಕೊಂಡರೆ ಹುಟ್ಟುಹಬ್ಬ, ತಿಥಿ ಎಲ್ಲಕ್ಕೂ ಸುತ್ತುತ್ತವೆ. ತೊಳೆಯುವವರಿಗೆ ಕೂಲಿ ಎಷ್ಟೆಂದು ಮೊದಲೇ ಮಾತಾಡಿ ಬಜೆಟ್‌ನಲ್ಲಿ ಬರೆದಿಡಿ, ಇಲ್ಲದಿದ್ದರೆ ಸಂಜೆ ನಾಲ್ಕಕ್ಕೆ ಬೀದಿಯ ಹೆಂಗಸರೇ ನಲ್ಲಿ ಹತ್ತಿರ ಕೂರಬೇಕಾಗುತ್ತದೆ, ಮುಂದಿನ ವರ್ಷ ಪೇಪರ್ ತಟ್ಟೆ ವಾಪಸ್ ಬರುತ್ತದೆ. ತಟ್ಟೆಗಳನ್ನು ಎಣಿಸಿ ಕೊಟ್ಟು ಎಣಿಸಿ ತೆಗೆದುಕೊಳ್ಳಲು ಒಂದು ನೋಟ್‌ಬುಕ್ ಇಡಿ. ಲೋಟಗಳು ಮಾತ್ರ ಎಷ್ಟು ಎಣಿಸಿದರೂ ಪ್ರತಿ ಸಲ ಎರಡು ಮೂರು ಕಡಿಮೆ ಬಂದೇ ಬರುತ್ತವೆ, ಹತ್ತು ಜಾಸ್ತಿಯೇ ಕೊಂಡಿರಿ.